ಓಡುವವರ ಗಡಿಯಾರ ಯಾಕೆ ಹಿಂದೆ ಬೀಳುತ್ತದೆ?

ಪ್ರಶ್ನೆ: ನನ್ನ ಮಗಳು ಎರಡನೇ ಪಿಯುಸಿ ಓದುತ್ತಿದ್ದಾಳೆ. ವೇಗವಾಗಿ ಹೋಗುವವರಿಗೆ ಕಾಲ ನಿಧಾನವಾಗುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದಳು. ಎರಡು ಕನ್ನಡಿಗಳ ನಡುವೆ ಬೆಳಕು ಮೇಲೆ ಕೆಳಗೆ ಪುಟಿಯುವ ಗಡಿಯಾರವನ್ನು ಅದರಲ್ಲಿ ತೋರಿಸಿದ್ದರು. ಬೆಳಕಿನ ಗಡಿಯಾರಕ್ಕೆ ಹಾಗಾಗುತ್ತದೆ, ಒಪ್ಪೋಣ. ಆದರೆ ನನ್ನ ಹೃದಯದ ಬಡಿತಕ್ಕೂ ಬೆಳಕಿಗೂ ಏನು ಸಂಬಂಧ? ಚಲನೆಯೇ ಸಾಪೇಕ್ಷ ಅಂದ ಮೇಲೆ ಇಬ್ಬರಲ್ಲಿ ಯಾರ ಗಡಿಯಾರ ನಿಧಾನ ಎಂದು ಹೇಳುವುದು ಹೇಗೆ? ಇದೆಲ್ಲ ನಿಜವಾಗಿ ನಡೆಯುತ್ತದೋ, ಬರೀ ಲೆಕ್ಕದಲ್ಲೋ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಇದು ನಿಜವಾಗಿ ನಡೆಯುತ್ತದೆ ಅನ್ನೋದು ಮನಸ್ಸಿನಲ್ಲಿ ಗಟ್ಟಿಯಾಗದಿದ್ದರೆ, ಮುಂದಿನ ವಿವರಣೆಯೆಲ್ಲ ಸುಮ್ನೆ ಲೆಕ್ಕದ ಆಟದಂತೆ ಕಾಣುತ್ತದೆ.

ನಿಮ್ಮ ಅಂಗೈಯನ್ನು ಒಮ್ಮೆ ಆಕಾಶಕ್ಕೆ ಹಿಡಿಯಿರಿ. ಸರಿಸುಮಾರು ಸೆಕೆಂಡಿಗೆ ಒಂದರಂತೆ ಮ್ಯೂಆನ್ ಎಂಬ ಕಣಗಳು ಅದನ್ನು ಹಾದು ಹೋಗುತ್ತಿರುತ್ತವೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣದ ಮೇಲ್ಭಾಗದ ಗಾಳಿಗೆ ಬಡಿದಾಗ, ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಇವು ಹುಟ್ಟುತ್ತವೆ. ಮ್ಯೂಆನ್‌ನ ಆಯಸ್ಸು ತೀರಾ ಕಡಿಮೆ. ಸರಾಸರಿ 2.2 ಮೈಕ್ರೋಸೆಕೆಂಡ್ ಬದುಕಿ ಬೇರೆ ಕಣಗಳಾಗಿ ಒಡೆದು ಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಬೆಳಕೇ 660 ಮೀಟರ್ ಮಾತ್ರ ಹೋಗಬಲ್ಲದು. ಹಾಗಿದ್ದರೆ 15 ಕಿಲೋಮೀಟರ್ ಇಳಿದು ನಿಮ್ಮ ಅಂಗೈ ತಲುಪುವ ಮ್ಯೂಆನ್ ನೂರಾರು ಕೋಟಿಯಲ್ಲಿ ಒಂದು ಇರಬೇಕಿತ್ತು. ಇಷ್ಟೊಂದು ತಲುಪುತ್ತಿವೆ ಅಂದರೆ ಓಡುವಾಗ ಅವುಗಳ ಆಯಸ್ಸು ನಮ್ಮ ಲೆಕ್ಕದಲ್ಲಿ ಉದ್ದವಾಗಿರಲೇಬೇಕು.

ಈ ವಿಚಾರವನ್ನು ಬಹಳ ಮುಂಚೆಯೇ ಕಂಡವರಲ್ಲಿ ಹೋಮಿ ಭಾಭಾ ಒಬ್ಬರು. 1938ರಲ್ಲಿ, ಅವರು ಇನ್ನೂ ಕೇಂಬ್ರಿಜ್‌ನಲ್ಲಿದ್ದಾಗ, ಒಂದು ಚಿಕ್ಕ ಲೇಖನ ಬರೆದರು. ಕಾಸ್ಮಿಕ್ ಕಿರಣಗಳಲ್ಲಿ ಆಗಷ್ಟೇ ಸಿಕ್ಕಿದ್ದ ಹೊಸ ಕಣಕ್ಕೆ ಇನ್ನೂ ಸರಿಯಾದ ಹೆಸರೂ ಇರಲಿಲ್ಲ. ತನ್ನಷ್ಟಕ್ಕೆ ತಾನೇ ಒಡೆಯುವ ಕಣವನ್ನು ಒಂದು ಗಡಿಯಾರ ಎಂದೇ ತಿಳಿಯಬಹುದು, ಹಾಗಾಗಿ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಓಡುವಾಗ ಅದು ಒಡೆಯಲು ಜಾಸ್ತಿ ಹೊತ್ತು ಹಿಡಿಯಬೇಕು ಎಂದು ಅವರು ಹೇಳಿದರು. ಮುಂದಿನ ವರ್ಷ ರಜೆಗೆ ಭಾರತಕ್ಕೆ ಬಂದವರು ಯುದ್ಧ ಶುರುವಾದ್ದರಿಂದ ಇಲ್ಲೇ ಉಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ಕಟ್ಟಿದರು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಮುಂದೆ ಕೋಲಾರದ ಚಿನ್ನದ ಗಣಿಗೆ ಇಳಿದು ಮ್ಯೂಆನ್‌ಗಳನ್ನು ಎಣಿಸಿದ್ದು ಇದೇ ಪರಂಪರೆಯ ಮುಂದುವರಿಕೆ. ಕನ್ನಡದಲ್ಲಿ ಸಾಪೇಕ್ಷತೆಯ ಬಗ್ಗೆ ಬರೆಯುವಾಗ ಈ ಕತೆ ಬರುವುದೇ ಅಪರೂಪ. ಅದಕ್ಕೇ ಇಲ್ಲಿ ಹೇಳಿದೆ.

ಇದನ್ನು ಅಳೆದೂ ನೋಡಿದ್ದಾರೆ. 1960ರ ದಶಕದ ಮೊದಲ ವರ್ಷಗಳಲ್ಲಿ ಡೇವಿಡ್ ಫ್ರಿಶ್ ಮತ್ತು ಜೇಮ್ಸ್ ಸ್ಮಿತ್ ಎಂಬ ಇಬ್ಬರು ಭೌತವಿಜ್ಞಾನಿಗಳು ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ ಉಪಕರಣ ಇಟ್ಟರು. ಬೆಳಕಿನ ವೇಗದ ಶೇಕಡ 99.5ರಷ್ಟು ವೇಗದಲ್ಲಿ ಬರುವ ಮ್ಯೂಆನ್‌ಗಳನ್ನು ಮಾತ್ರ ಆರಿಸಿ ಎಣಿಸಿದರು. ಗಂಟೆಗೆ ಸರಾಸರಿ 563 ಸಿಕ್ಕವು. ಆಮೇಲೆ ಅದೇ ಉಪಕರಣವನ್ನು ಬೆಟ್ಟದ ಮೇಲಿಗಿಂತ 1907 ಮೀಟರ್ ಕೆಳಗೆ, ಸಮುದ್ರಮಟ್ಟದಲ್ಲಿರುವ ಊರಿಗೆ ತಂದು ಮತ್ತೆ ಎಣಿಸಿದರು. ಈ ದೂರ ಇಳಿಯಲು ಮ್ಯೂಆನ್‌ಗೆ 6.4 ಮೈಕ್ರೋಸೆಕೆಂಡ್ ಬೇಕು. ಅಷ್ಟರಲ್ಲಿ ಹೆಚ್ಚಿನವು ಒಡೆದು ಹೋಗಿ ಗಂಟೆಗೆ 30ರ ಆಸುಪಾಸು ಉಳಿಯಬೇಕಿತ್ತು. ಸಿಕ್ಕಿದ್ದು ಸುಮಾರು 408. ಅಂದರೆ ನಮ್ಮ 6.4 ಮೈಕ್ರೋಸೆಕೆಂಡ್ ಕಳೆಯುವಷ್ಟರಲ್ಲಿ ಮ್ಯೂಆನ್‌ಗಳ ಪಾಲಿಗೆ ಬರೀ 0.7 ಮೈಕ್ರೋಸೆಕೆಂಡ್ ಕಳೆದಿತ್ತು. ಒಂಬತ್ತು ಪಟ್ಟಿನ ಹತ್ತಿರದ ವ್ಯತ್ಯಾಸ. ಸಿದ್ಧಾಂತದ ಲೆಕ್ಕಕ್ಕೂ ಇದಕ್ಕೂ ಚೆನ್ನಾಗಿ ತಾಳೆಯಾಯಿತು.

ಹೀಗೆ ಆಗುತ್ತದೆ ಅನ್ನೋದರಲ್ಲಿ ಅನುಮಾನವಿಲ್ಲ. ಯಾಕೆ ಆಗುತ್ತದೆ ಅನ್ನೋದಕ್ಕೆ ಈಗ ಬರೋಣ.

ಎರಡು ಸಂಗತಿಗಳನ್ನು ಒಪ್ಪಿಕೊಂಡರೆ ಸಾಕು, ಉಳಿದದ್ದೆಲ್ಲ ತಾನಾಗಿಯೇ ಬರುತ್ತದೆ. ಮೊದಲನೆಯದನ್ನು ಗೆಲಿಲಿಯೋ 1632ರಲ್ಲೇ ಹೇಳಿದ್ದ. ಹಡಗಿನ ಕೋಣೆಯ ಬಾಗಿಲು ಮುಚ್ಚಿಕೊಂಡು ಒಳಗೆ ಕುಳಿತಿದ್ದೀರಿ. ಹಡಗು ಅಲುಗಾಡದೆ ಒಂದೇ ವೇಗದಲ್ಲಿ ನೇರವಾಗಿ ಸಾಗುತ್ತಿದೆ. ತೊಟ್ಟಿಕ್ಕುವ ನೀರು ನೇರ ಕೆಳಗೇ ಬೀಳುತ್ತದೆ. ಚಿಟ್ಟೆಗಳು ಎಲ್ಲ ಕಡೆಗೂ ಒಂದೇ ಥರ ಹಾರುತ್ತವೆ. ಕೋಣೆಯ ಒಳಗೆ ಯಾವ ಪ್ರಯೋಗ ಮಾಡಿದರೂ ಹಡಗು ನಿಂತಿದೆಯೋ ಸಾಗುತ್ತಿದೆಯೋ ಎಂದು ಗೊತ್ತಾಗುವುದಿಲ್ಲ. ಪ್ರಕೃತಿಯ ನಿಯಮಗಳು ಒಂದೇ ವೇಗದಲ್ಲಿ ನೇರವಾಗಿ ಸಾಗುವ ಎಲ್ಲರಿಗೂ ಒಂದೇ.

ಎರಡನೆಯದು ಬೆಳಕಿನ ವೇಗ: ಸೆಕೆಂಡಿಗೆ 2,99,792 ಕಿಲೋಮೀಟರ್. ಇದು ಎಲ್ಲರಿಗೂ ಒಂದೇ. ದೀಪದ ಕಡೆಗೆ ಓಡುತ್ತಾ ಅಳೆಯಿರಿ, ದೀಪದಿಂದ ದೂರ ಓಡುತ್ತಾ ಅಳೆಯಿರಿ, ಸಿಗುವುದು ಅದೇ ಸಂಖ್ಯೆ. ಮೈಕಲ್ಸನ್ ಮತ್ತು ಮಾರ್ಲಿ 1887ರಲ್ಲಿ ಭೂಮಿಯ ಓಟದಿಂದ ಬೆಳಕಿನ ವೇಗದಲ್ಲಿ ವ್ಯತ್ಯಾಸ ಕಾಣಬಹುದೇ ಎಂದು ಬಹಳ ಸೂಕ್ಷ್ಮವಾಗಿ ಹುಡುಕಿದರು. ಅವರು ಹುಡುಕುತ್ತಿದ್ದ ವ್ಯತ್ಯಾಸ ಕಾಣಲಿಲ್ಲ. ಐನ್‌ಸ್ಟೈನ್ 1905ರಲ್ಲಿ, ಸ್ವಿಟ್ಜರ್ಲೆಂಡ್‌ನ ಬರ್ನ್ ಊರಿನ ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗ, ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡರೆ ಏನಾಗುತ್ತದೆ ಎಂದು ಕೊನೆಯವರೆಗೂ ಯೋಚಿಸಿದರು. ವೇಗ ಅಂದರೆ ದೂರವನ್ನು ಕಾಲದಿಂದ ಭಾಗಿಸಿದ್ದು. ಬೇರೆ ಬೇರೆ ವೇಗದಲ್ಲಿ ಹೋಗುವ ಇಬ್ಬರು ಒಂದೇ ಬೆಳಕಿನ ಕಿರಣವನ್ನು ಅಳೆದು ಒಂದೇ ವೇಗ ಪಡೆಯಬೇಕಾದರೆ, ಅವರ ದೂರಗಳೂ ಕಾಲಗಳೂ ಒಂದೇ ಆಗಿರಲು ಸಾಧ್ಯವಿಲ್ಲ.

ನಿಮ್ಮ ಮಗಳು ನೋಡಿದ ಬೆಳಕಿನ ಗಡಿಯಾರ ಇದನ್ನೇ ತೋರಿಸುವ ಉಪಾಯ. ಅದಕ್ಕೆ ಸಂಖ್ಯೆ ಕೊಟ್ಟು ನೋಡೋಣ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಅಷ್ಟು ಉದ್ದವನ್ನು ಒಂದು 'ಗೇಣು' ಎಂದು ಕರೆಯುತ್ತೇನೆ, ಬರೀ ಲೆಕ್ಕ ಸುಲಭವಾಗಲಿ ಅಂತ. ಒಂದು ನೌಕೆಯಲ್ಲಿ ಮೂರು ಗೇಣು ಅಂತರದಲ್ಲಿ ಮೇಲೊಂದು ಕೆಳಗೊಂದು ಕನ್ನಡಿ ಇದೆ. ನೌಕೆಯೊಳಗೆ ಕುಳಿತವರಿಗೆ ಬೆಳಕು ನೇರ ಮೇಲೆ ಹೋಗುತ್ತದೆ. ಮೂರು ಗೇಣಿಗೆ 3 ನ್ಯಾನೋಸೆಕೆಂಡ್.

ಈಗ ನೌಕೆ ನಮ್ಮ ಮುಂದೆ ಬೆಳಕಿನ ವೇಗದ ಶೇಕಡ 80ರಲ್ಲಿ ಹಾದು ಹೋಗುತ್ತಿದೆ. ಬೆಳಕು ಮೇಲಿನ ಕನ್ನಡಿ ತಲುಪುವಷ್ಟರಲ್ಲಿ ಆ ಕನ್ನಡಿಯೇ ಮುಂದೆ ಹೋಗಿರುತ್ತದೆ. ಹಾಗಾಗಿ ನಮಗೆ ಬೆಳಕಿನ ದಾರಿ ಓರೆ. ನಮ್ಮ ಗಡಿಯಾರದಲ್ಲಿ 5 ನ್ಯಾನೋಸೆಕೆಂಡ್ ಆಯಿತು ಅಂದುಕೊಳ್ಳಿ. ಅಷ್ಟರಲ್ಲಿ ನೌಕೆ 4 ಗೇಣು ಮುಂದೆ ಬಂತು. ಕನ್ನಡಿ 3 ಗೇಣು ಮೇಲಿದೆ. ಓರೆ ದಾರಿ 5 ಗೇಣು, ಶಾಲೆಯಲ್ಲಿ ಕಲಿತ 3-4-5 ತ್ರಿಕೋನ. ಬೆಳಕು 5 ಗೇಣನ್ನು 5 ನ್ಯಾನೋಸೆಕೆಂಡಿನಲ್ಲಿ ದಾಟಿತು. ಲೆಕ್ಕ ಸರಿಹೋಯಿತು. ಕಿರಣ ಹೊರಟಿದ್ದು, ಕಿರಣ ತಲುಪಿದ್ದು: ಈ ಎರಡು ಘಟನೆಗಳ ನಡುವೆ ನೌಕೆಯವರಿಗೆ 3, ನಮಗೆ 5.

ಇಲ್ಲಿ ಒಂದು ಸಂದೇಹ ಬರಬಹುದು. ಕನ್ನಡಿಗಳ ಎತ್ತರವನ್ನು ಎರಡೂ ಕಡೆಯವರಿಗೆ ಮೂರು ಗೇಣು ಎಂದೇ ಇಟ್ಟುಕೊಂಡಿದ್ದು ಯಾಕೆ? ಚಲನೆಗೆ ಅಡ್ಡವಾಗಿರುವ ಅಳತೆ ಬದಲಾಗುವಂತಿಲ್ಲ. ಬದಲಾಗುವುದಾದರೆ, ಒಂದೇ ಎತ್ತರದ ಎರಡು ಕೋಲುಗಳು ಒಂದರ ಪಕ್ಕ ಒಂದು ಹಾದು ಹೋಗುವಾಗ ಗಿಡ್ಡದ್ದು ಉದ್ದದ್ದರ ಮೇಲೆ ಗೀರು ಹಾಕುತ್ತದೆ. ಆ ಗೀರು ಇಬ್ಬರಿಗೂ ಕಾಣುತ್ತದೆ. ಆಗ ನಿಜವಾಗಿ ಓಡುತ್ತಿರುವುದು ಯಾರು ಎಂದು ಬಯಲಾಗಿಬಿಡುತ್ತದೆ. ಗೆಲಿಲಿಯೋನ ಮಾತು ಅದಕ್ಕೆ ಅವಕಾಶ ಕೊಡುವುದಿಲ್ಲ.

ಈಗ ಹೃದಯದ ವಿಷಯ. ನೀವು ಕೇಳಿದ್ದರಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಹೆಚ್ಚಿನ ವಿವರಣೆಗಳು ಈ ಹೆಜ್ಜೆಯನ್ನು ಹಾರಿಸಿಬಿಡುತ್ತವೆ. ಬೆಳಕಿನ ಗಡಿಯಾರವನ್ನು ನಿಮ್ಮ ಮಗ್ಗುಲಲ್ಲೇ ಇಟ್ಟುಕೊಂಡು ನೌಕೆಯಲ್ಲಿ ಕುಳಿತಿದ್ದೀರಿ ಅಂದುಕೊಳ್ಳಿ. ನೌಕೆ ನಿಂತಿದ್ದಾಗ ಹೃದಯ ಒಮ್ಮೆ ಬಡಿಯುವಷ್ಟರಲ್ಲಿ ಗಡಿಯಾರ ಎಷ್ಟು ಸಲ ಟಿಕ್ ಅನ್ನುತ್ತದೆ ಎಂದು ಬರೆದಿಟ್ಟುಕೊಂಡಿರಿ. ಈಗ ನೌಕೆ ಓಡುತ್ತಿದೆ. ಬೆಳಕಿನ ಗಡಿಯಾರ ಮಾತ್ರ ನಿಧಾನವಾಗಿ ಹೃದಯ ಹಾಗೆಯೇ ಇದ್ದರೆ, ಬರೆದಿಟ್ಟ ಸಂಖ್ಯೆಗೂ ಈಗಿನದಕ್ಕೂ ಹೊಂದಿಕೆಯಾಗುವುದಿಲ್ಲ. ಕಿಟಕಿ ತೆರೆಯದೆಯೇ 'ನಾನು ಓಡುತ್ತಿದ್ದೇನೆ, ಇಷ್ಟು ವೇಗದಲ್ಲಿ' ಎಂದು ಹೇಳಿಬಿಡಬಹುದು! ಪ್ರಕೃತಿ ಅದಕ್ಕೆ ಅವಕಾಶ ಕೊಟ್ಟಿಲ್ಲ. ಆದ್ದರಿಂದ ಒಳಗಿರುವ ಎಲ್ಲವೂ ಒಟ್ಟಿಗೇ ಸಾಗಬೇಕು: ಕೈಗಡಿಯಾರ, ಹೃದಯ, ಹುದುಗುತ್ತಿರುವ ದೋಸೆ ಹಿಟ್ಟು, ಒಡೆಯುವ ಮ್ಯೂಆನ್. ಬೆಳಕಿನ ಗಡಿಯಾರವನ್ನು ಆರಿಸಿಕೊಂಡಿದ್ದು ಅದರ ಲೆಕ್ಕ ಸುಲಭ ಅನ್ನೋ ಕಾರಣಕ್ಕೆ ಮಾತ್ರ. ಬೆಳಕು ಹೋಗಿ ಹೃದಯಕ್ಕೆ ಏನನ್ನೂ ಮಾಡುವುದಿಲ್ಲ.

ಇನ್ನೂ ಸ್ವಲ್ಪ ಒಳಗೆ ಹೋದರೆ, ಆ ವೇಗಕ್ಕೆ 'ಬೆಳಕಿನ ವೇಗ' ಎಂದು ಹೆಸರು ಬಂದಿರುವುದೇ ಬೆಳಕು ನಮಗೆ ಪರಿಚಯದ್ದು ಅನ್ನೋ ಕಾರಣಕ್ಕೆ. ಅದು ನಿಜಕ್ಕೂ ದೂರವನ್ನು ಕಾಲಕ್ಕೆ ಹೊಂದಿಸುವ ಒಂದು ದರ. ದ್ರವ್ಯರಾಶಿ ಇಲ್ಲದ ಯಾವುದೇ ಆದರೂ ನಿರ್ವಾತದಲ್ಲಿ ಅದೇ ವೇಗದಲ್ಲಿ ಹೋಗುತ್ತದೆ. ಗುರುತ್ವದ ಅಲೆಗಳೂ ಅಷ್ಟೇ ವೇಗದಲ್ಲಿ ಬರುತ್ತವೆ.

ಮುಂದಿನ ಪ್ರಶ್ನೆ ಕಷ್ಟದ್ದು. ಯಾರ ಗಡಿಯಾರ ನಿಧಾನ? ನೌಕೆಯವರಿಗೆ ತಾವು ನಿಂತಿದ್ದೇವೆ, ನಾವೇ ಹಿಂದಕ್ಕೆ ಓಡುತ್ತಿದ್ದೇವೆ ಎಂದು ಕಾಣುತ್ತದೆ. ಅವರ ಲೆಕ್ಕದಲ್ಲಿ ನಮ್ಮ ಗಡಿಯಾರವೇ ನಿಧಾನ. ಇಬ್ಬರೂ ಸರಿ. ಇದು ಹೇಗೆ ಸಾಧ್ಯ ಅನ್ನಿಸುತ್ತದೆ, ಅಲ್ವಾ? ಓಡುತ್ತಿರುವ ಗಡಿಯಾರವನ್ನು ನಾವು ಹೇಗೆ ಅಳೆಯುತ್ತೇವೆ ನೋಡಿ. ಅದು ಇಲ್ಲಿ ಹಾದು ಹೋದಾಗ ಇಲ್ಲಿನ ನಮ್ಮ ಗಡಿಯಾರದ ಜೊತೆ ಹೋಲಿಸುತ್ತೇವೆ. ಅಲ್ಲಿ ಹಾದು ಹೋದಾಗ ಅಲ್ಲಿಟ್ಟಿರುವ ನಮ್ಮ ಇನ್ನೊಂದು ಗಡಿಯಾರದ ಜೊತೆ ಹೋಲಿಸುತ್ತೇವೆ. ಅಂದರೆ ಅವರ ಒಂದು ಗಡಿಯಾರಕ್ಕೆ ನಮ್ಮವು ಎರಡು. ನಮ್ಮ ಎರಡೂ ಗಡಿಯಾರಗಳಲ್ಲಿ ಒಂದೇ ಸಮಯ ಇದೆ ಎಂದು ನಾವು ನಂಬಿದ್ದೇವೆ. ನೌಕೆಯವರು ಅದನ್ನು ಒಪ್ಪುವುದಿಲ್ಲ. ದೂರ ದೂರದಲ್ಲಿರುವ ಎರಡು ಘಟನೆಗಳು 'ಒಂದೇ ಕ್ಷಣದಲ್ಲಿ' ನಡೆದವು ಅನ್ನೋದರ ಬಗ್ಗೆಯೇ ಬೇರೆ ಬೇರೆ ವೇಗದವರಿಗೆ ಒಮ್ಮತವಿಲ್ಲ. ನನ್ನ ಪ್ರಕಾರ ಇಡೀ ಸಾಪೇಕ್ಷತೆಯಲ್ಲಿ ಅರಗಿಸಿಕೊಳ್ಳಲು ಕಷ್ಟವಾದ ಸಂಗತಿ ಇದೇ. ನಿಧಾನವಾಗುವ ಗಡಿಯಾರ ಅದರ ಒಂದು ಪರಿಣಾಮ ಅಷ್ಟೇ.

ಮ್ಯೂಆನ್‌ನ ಕಡೆಯಿಂದಲೂ ನೋಡಬಹುದು. ಅದರ ಮಟ್ಟಿಗೆ ಅದು ನಿಂತಿದೆ, 2.2 ಮೈಕ್ರೋಸೆಕೆಂಡಿನ ಆಯಸ್ಸು ಒಂದಿಷ್ಟೂ ಉದ್ದವಾಗಿಲ್ಲ. ಹಾಗಾದರೆ ಕೆಳಗೆ ತಲುಪಿದ್ದು ಹೇಗೆ? ಅದಕ್ಕೆ ಬೆಟ್ಟವೇ ಓಡಿ ಬರುತ್ತಿದೆ, ಓಡುವ ಬೆಟ್ಟ ಕುಗ್ಗಿದೆ. 1907 ಮೀಟರಿನ ಎತ್ತರ ಅದರ ಪಾಲಿಗೆ ಇನ್ನೂರು ಮೀಟರಿನ ಸುತ್ತಮುತ್ತ. ಅಷ್ಟು ದೂರಕ್ಕೆ 0.7 ಮೈಕ್ರೋಸೆಕೆಂಡ್ ಸಾಕು. ಕಾರಣದ ವಿವರಣೆ ಇಬ್ಬರದೂ ಬೇರೆ, ಕೆಳಗೆ ಎಷ್ಟು ಮ್ಯೂಆನ್ ತಲುಪಿದವು ಅನ್ನೋ ಎಣಿಕೆ ಮಾತ್ರ ಒಂದೇ.

ಹಾಗಿದ್ದರೂ ಇಬ್ಬರು ಬೇರೆಯಾಗಿ ಹೋಗಿ ಮತ್ತೆ ಒಂದೇ ಕಡೆ ಸೇರಿದರೆ ಜಗಳಕ್ಕೆ ಜಾಗವಿಲ್ಲ. ಎರಡು ಗಡಿಯಾರಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಉತ್ತರ ಒಂದೇ ಇರಬೇಕು. ಇಲ್ಲಿ ನನಗೆ ಅತ್ಯಂತ ಸಹಾಯ ಮಾಡಿದ ಯೋಚನೆ ಕಾರಿನ ಓಡೋಮೀಟರ್. ಇಬ್ಬರು ಬೆಂಗಳೂರಿನಿಂದ ಒಟ್ಟಿಗೆ ಹೊರಟು ಮಂಗಳೂರಿನಲ್ಲಿ ಸೇರುತ್ತಾರೆ. ಒಬ್ಬರು ಶಿರಾಡಿ ಘಾಟಿ ಇಳಿದು ಬಂದರು, ಇನ್ನೊಬ್ಬರು ಮೈಸೂರು, ಮಡಿಕೇರಿ ಸುತ್ತಿ ಬಂದರು. ಮೀಟರಿನಲ್ಲಿ ಬೇರೆ ಬೇರೆ ಕಿಲೋಮೀಟರ್ ಇರುತ್ತದೆ. 'ಮಡಿಕೇರಿ ರಸ್ತೆ ಮೀಟರನ್ನು ಹಾಳು ಮಾಡಿತು' ಎಂದು ಯಾರೂ ಹೇಳುವುದಿಲ್ಲ. ಎರಡೂ ಮೀಟರ್ ಸರಿಯಾಗಿವೆ, ಹಾದುಬಂದ ದಾರಿ ಬೇರೆ. ಕೈಗಡಿಯಾರವೂ ಹೀಗೆ ಒಂದು ಮೀಟರ್. ಅದು ಅಳೆಯುವುದು ದೇಶ ಮತ್ತು ಕಾಲ ಎರಡೂ ಸೇರಿದ ನಾಲ್ಕು ಆಯಾಮದ ಹರವಿನಲ್ಲಿ ನೀವು ಹಾದುಬಂದ ದಾರಿಯನ್ನು.

ಈ ನೋಟವನ್ನು ಕೊಟ್ಟಿದ್ದು ಹರ್ಮನ್ ಮಿಂಕೋವ್‌ಸ್ಕಿ. ಜ್ಯೂರಿಕ್‌ನಲ್ಲಿ ಐನ್‌ಸ್ಟೈನ್‌ಗೆ ಗಣಿತ ಕಲಿಸಿದ್ದವರು. 1908ರಲ್ಲಿ ಕಲೋನ್ ನಗರದಲ್ಲಿ ಮಾಡಿದ ಭಾಷಣದಲ್ಲಿ ಅವರು ದೇಶ ಮತ್ತು ಕಾಲವನ್ನು ಒಂದೇ ರೇಖಾಗಣಿತದ ಒಳಗೆ ತಂದರು. ರಸ್ತೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ನೆಲದ ಮೇಲೆ ಅಳೆಯುವಾಗ ಎರಡು ವರ್ಗಗಳನ್ನು ಕೂಡಿಸುತ್ತೇವೆ. ಇಲ್ಲಿ ಕಳೆಯಬೇಕು. ಹಾದುಹೋದ ಕಾಲದ ವರ್ಗದಿಂದ ಹಾದುಹೋದ ದೂರದ ವರ್ಗವನ್ನು ಕಳೆದರೆ ಗಡಿಯಾರ ತೋರಿಸುವ ಕಾಲದ ವರ್ಗ ಸಿಗುತ್ತದೆ. ಮೇಲಿನ ಬೆಳಕಿನ ಗಡಿಯಾರವನ್ನೇ ನೋಡಿ: 25ರಲ್ಲಿ 16 ಕಳೆದರೆ 9, ಅದರ ವರ್ಗಮೂಲ 3. ಆ ಕಳೆಯುವ ಚಿಹ್ನೆಯಿಂದಾಗಿ, ನೇರವಾಗಿ ಹೋದವರಿಗೆ ಕಾಲ ಜಾಸ್ತಿ ಕಳೆಯುತ್ತದೆ, ಸುತ್ತಿ ಬಂದವರಿಗೆ ಕಡಿಮೆ. ಜಾಗದಲ್ಲಿ ಎಷ್ಟು ದೂರ ಸುತ್ತಿದಿರೋ ಅಷ್ಟು ನಿಮ್ಮ ಕಾಲದ ಲೆಕ್ಕದಿಂದ ಕಳೆಯುತ್ತದೆ. 'ಯಾಕೆ' ಅನ್ನೋದಕ್ಕೆ ನನಗೆ ಗೊತ್ತಿರುವ ಅತ್ಯಂತ ಪ್ರಾಮಾಣಿಕ ಉತ್ತರ ಇದು. ವೇಗ ಬಂದು ಗಡಿಯಾರದ ಮುಳ್ಳನ್ನು ಹಿಡಿದು ನಿಲ್ಲಿಸುತ್ತದೆ ಅನ್ನೋ ಚಿತ್ರವನ್ನು ಮನಸ್ಸಿನಿಂದ ತೆಗೆದುಬಿಡಿ. ದೇಶಕಾಲದ ರೇಖಾಗಣಿತವೇ ಹಾಗಿದೆ.

ಅವಳಿ ಮಕ್ಕಳ ಕತೆಯನ್ನು ನೀವು ಕೇಳಿರುತ್ತೀರಿ. ಅದನ್ನು ಸಂದೇಶಗಳ ಲೆಕ್ಕದಲ್ಲಿ ಹೇಳುತ್ತೇನೆ. ಇದರಲ್ಲಿ 'ನಿಜವಾಗಿ' 'ತೋರಿಕೆಗೆ' ಅನ್ನೋ ಗೊಂದಲಕ್ಕೆ ಜಾಗವಿಲ್ಲ, ಬರೀ ಎಣಿಸಿದರೆ ಸಾಕು.

ಉಮಾ ಮತ್ತು ಗಂಗಾ ಅವಳಿಗಳು, ಇಬ್ಬರಿಗೂ ಇಪ್ಪತ್ತು ವರ್ಷ. ಹುಟ್ಟುಹಬ್ಬದ ದಿನವೇ ಗಂಗಾ ನೌಕೆ ಹತ್ತಿ ಬೆಳಕಿನ ವೇಗದ ಶೇಕಡ 80ರಲ್ಲಿ 4 ಜ್ಯೋತಿರ್ವರ್ಷ ದೂರ ಹೋಗಿ, ತಿರುಗಿ, ಅದೇ ವೇಗದಲ್ಲಿ ವಾಪಸ್ ಬರುತ್ತಾಳೆ. ಭೂಮಿಯಲ್ಲಿರುವ ಉಮಾಳ ಲೆಕ್ಕದಲ್ಲಿ ಹೋಗಲು 5 ವರ್ಷ, ಬರಲು 5 ವರ್ಷ. ಗಂಗಾಳ ಗಡಿಯಾರದಲ್ಲಿ ಮತ್ತೆ ಅದೇ 25ರಲ್ಲಿ 16 ಕಳೆದ ಲೆಕ್ಕ: ಹೋಗಲು 3, ಬರಲು 3. ಪ್ರತಿಯೊಬ್ಬಳೂ ತನ್ನ ಗಡಿಯಾರದ ಪ್ರಕಾರ ಹುಟ್ಟುಹಬ್ಬಕ್ಕೊಂದು ರೇಡಿಯೊ ಸಂದೇಶ ಕಳಿಸುತ್ತಾಳೆ.

ಮೊದಲು ಗಂಗಾಳಿಗೆ ಏನು ತಲುಪುತ್ತದೆ ನೋಡೋಣ. ಅವಳು ದೂರ ಓಡುತ್ತಿರುವುದರಿಂದ ಸಂದೇಶ ಅಟ್ಟಿಸಿಕೊಂಡು ಬರಬೇಕು. ಉಮಾಳ ಮೊದಲ ಸಂದೇಶ ಅವಳನ್ನು ಹಿಡಿಯುವುದು ಸರಿಯಾಗಿ ತಿರುಗುವ ಜಾಗದಲ್ಲಿ, ಅವಳ ಗಡಿಯಾರದಲ್ಲಿ 3 ವರ್ಷ ಆದಾಗ. ತಿರುಗಿದ ಮೇಲೆ ಅವಳು ಸಂದೇಶಗಳ ಎದುರಿಗೆ ಓಡುತ್ತಿದ್ದಾಳೆ. ಈಗ ನಾಲ್ಕು ತಿಂಗಳಿಗೊಂದು ಬರುತ್ತವೆ. ವಾಪಸ್ ಬರುವ 3 ವರ್ಷದಲ್ಲಿ 9 ಸಂದೇಶ. ಒಟ್ಟು 10.

ಉಮಾಳ ಕಡೆ ಏನಾಗುತ್ತದೆ? ಗಂಗಾ ತಿರುಗಿದ್ದು ಭೂಮಿಯ ಲೆಕ್ಕದ 5ನೇ ವರ್ಷದಲ್ಲಿ, ಆದರೆ 4 ಜ್ಯೋತಿರ್ವರ್ಷ ದೂರದಿಂದ ಆ ಸುದ್ದಿ ಬರಲು ಇನ್ನೂ 4 ವರ್ಷ ಬೇಕು. ಹಾಗಾಗಿ 9 ವರ್ಷಗಳವರೆಗೂ ಉಮಾಳಿಗೆ ದೂರ ಹೋಗುತ್ತಿರುವ ಗಂಗಾಳ ಸಂದೇಶಗಳೇ ಬರುತ್ತವೆ, ಮೂರು ವರ್ಷಕ್ಕೊಂದು. ಅಲ್ಲಿಗೆ 3. ಕೊನೆಯ ಒಂದೇ ವರ್ಷದಲ್ಲಿ ನಾಲ್ಕು ತಿಂಗಳಿಗೊಂದರಂತೆ ಇನ್ನು 3. ಒಟ್ಟು 6. ನೌಕೆ ಇಳಿದಾಗ ಉಮಾಳಿಗೆ 30, ಗಂಗಾಳಿಗೆ 26.

ಇಬ್ಬರ ಅನುಭವದಲ್ಲಿ ಎಲ್ಲಿ ವ್ಯತ್ಯಾಸ ಬಂತು ನೋಡಿ. ದೂರವಾಗುತ್ತಿರುವಾಗ ಇಬ್ಬರಿಗೂ ಸಂದೇಶ ಮೂರು ಪಟ್ಟು ನಿಧಾನ, ಹತ್ತಿರವಾಗುತ್ತಿರುವಾಗ ಇಬ್ಬರಿಗೂ ಮೂರು ಪಟ್ಟು ಬೇಗ. ಇಲ್ಲಿಯವರೆಗೆ ಪೂರ್ತಿ ಸಮ. ಆದರೆ ಗಂಗಾಳ ಪಯಣದಲ್ಲಿ ನಿಧಾನದ ಕಾಲ ಅರ್ಧ, ಬೇಗದ ಕಾಲ ಅರ್ಧ. ಯಾಕೆಂದರೆ ತಿರುಗಿದವಳು ಅವಳೇ, ತಿರುಗಿದ ಕ್ಷಣದಿಂದಲೇ ಅವಳಿಗೆ ಬದಲಾವಣೆ ಕಾಣುತ್ತದೆ. ಉಮಾ ಏನೂ ಮಾಡಲಿಲ್ಲ. ಸುದ್ದಿ ಬರುವವರೆಗೂ ಅವಳು ಕಾಯಬೇಕು. ಅವಳಿಗೆ ನಿಧಾನದ ಕಾಲ 9 ವರ್ಷ, ಬೇಗದ ಕಾಲ 1 ವರ್ಷ. ತಿರುಗುವಾಗ ಗಂಗಾಳ ಬೆನ್ನು ಸೀಟಿಗೆ ಒತ್ತುತ್ತದೆ, ಉಮಾಳಿಗೆ ಏನೂ ಅನ್ನಿಸುವುದಿಲ್ಲ. 'ಚಲನೆ ಸಾಪೇಕ್ಷ' ಅನ್ನೋದು ಒಂದೇ ವೇಗದಲ್ಲಿ ನೇರವಾಗಿ ಹೋಗುವವರ ಮಟ್ಟಿಗೆ. ತಿರುಗಿದವರು ಯಾರು ಅನ್ನೋದು ಸಾಪೇಕ್ಷವಲ್ಲ.

ಹಾಗಂತ ತಿರುಗುವಾಗಿನ ಆ ಒತ್ತಡವೇ ಅವಳ ವಯಸ್ಸನ್ನು ಕಡಿಮೆ ಮಾಡಿತು ಎಂದು ತಿಳಿಯಬೇಡಿ. ಬಹಳ ಜನ ಹೀಗೆ ತಪ್ಪು ತಿಳಿಯುತ್ತಾರೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ 14 ಮೀಟರ್ ವ್ಯಾಸದ ಉಂಗುರದೊಳಗೆ ಮ್ಯೂಆನ್‌ಗಳನ್ನು ಬೆಳಕಿನ ವೇಗದ ಶೇಕಡ 99.94ರಲ್ಲಿ ಸುತ್ತಿಸಿದರು. ಅಷ್ಟು ಚಿಕ್ಕ ಸುತ್ತಿನಲ್ಲಿ ಅವುಗಳ ಮೇಲಿದ್ದ ವೇಗೋತ್ಕರ್ಷ ಭೂಮಿಯ ಗುರುತ್ವದ ಕೋಟಿ ಕೋಟಿ ಪಟ್ಟಿಗೂ ಮೀರಿದ್ದು. ಆಯಸ್ಸು ಸುಮಾರು 64 ಮೈಕ್ರೋಸೆಕೆಂಡಿಗೆ ಏರಿತು, ಅಂದರೆ ಮಾಮೂಲಿಗಿಂತ 29 ಪಟ್ಟು. ವೇಗವೊಂದನ್ನೇ ಹಾಕಿ ಲೆಕ್ಕ ಮಾಡಿದರೆ ಬರುವುದೂ ಅಷ್ಟೇ. ಅಷ್ಟು ಭಯಂಕರ ಒತ್ತಡ ತನ್ನದೆಂದು ಏನನ್ನೂ ಸೇರಿಸಲಿಲ್ಲ. ತಿರುವಿನ ಕೆಲಸ ದಾರಿಯ ಆಕಾರವನ್ನು ಬದಲಿಸುವುದಷ್ಟೇ.

ಮನುಷ್ಯರು ಮಾಡಿದ ಗಡಿಯಾರಗಳಲ್ಲೂ ಇದನ್ನು ನೋಡಿದ್ದಾರೆ. 1971ರ ಅಕ್ಟೋಬರಿನಲ್ಲಿ ಜೋಸೆಫ್ ಹ್ಯಾಫೆಲೆ ಮತ್ತು ರಿಚರ್ಡ್ ಕೀಟಿಂಗ್ ಸೀಸಿಯಂ ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನಗಳಲ್ಲಿ ಇಟ್ಟು ಭೂಮಿಯನ್ನು ಸುತ್ತಿಸಿದರು, ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ. ನೆಲದ ಗಡಿಯಾರಕ್ಕೆ ಹೋಲಿಸಿದರೆ ಪೂರ್ವಕ್ಕೆ ಹೋದವು ಸುಮಾರು 59 ನ್ಯಾನೋಸೆಕೆಂಡ್ ಹಿಂದೆ ಬಿದ್ದವು. ಪಶ್ಚಿಮಕ್ಕೆ ಹೋದವು 273 ನ್ಯಾನೋಸೆಕೆಂಡ್ ಮುಂದೆ ಹೋದವು. ಮುಂದೆ ಹೋಗಿದ್ದು ಯಾಕೆ ಅಂದರೆ, ನೆಲದ ಗಡಿಯಾರವೂ ನಿಂತಿಲ್ಲ. ಭೂಮಿ ಪೂರ್ವಕ್ಕೆ ತಿರುಗುತ್ತಿದೆ. ಪೂರ್ವಕ್ಕೆ ಹಾರುವ ವಿಮಾನ ಆ ವೇಗಕ್ಕೆ ತನ್ನದನ್ನೂ ಸೇರಿಸಿಕೊಳ್ಳುತ್ತದೆ, ಪಶ್ಚಿಮಕ್ಕೆ ಹಾರುವುದು ಆ ವೇಗವನ್ನು ಕಳೆದುಕೊಳ್ಳುತ್ತದೆ. ಇದರ ಜೊತೆಗೆ ಎತ್ತರದಲ್ಲಿ ಗುರುತ್ವ ಕಡಿಮೆ ಇರುವುದರಿಂದ ಎರಡೂ ವಿಮಾನಗಳ ಗಡಿಯಾರ ಸ್ವಲ್ಪ ಮುಂದಕ್ಕೆ ಓಡುತ್ತದೆ. ಅದು ಐನ್‌ಸ್ಟೈನ್‌ರ ಎರಡನೇ, ಸಾಮಾನ್ಯ ಸಾಪೇಕ್ಷತೆಯ ವಿಷಯ. ಇಲ್ಲಿ ಅದಕ್ಕೆ ಕೈಹಾಕುವುದಿಲ್ಲ.

ನಿಮ್ಮ ಫೋನಿನ ಮ್ಯಾಪ್ ಈ ಎರಡೂ ಲೆಕ್ಕಗಳ ಮೇಲೆ ನಿಂತಿದೆ. ಜಿಪಿಎಸ್ ಉಪಗ್ರಹಗಳ ಗಡಿಯಾರ ಓಟದಿಂದಾಗಿ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ, ಎತ್ತರದಿಂದಾಗಿ 45 ಮುಂದೆ ಹೋಗುತ್ತದೆ. ಒಟ್ಟು 38 ಮುಂದೆ. ಒಂದು ಮೈಕ್ರೋಸೆಕೆಂಡಿನಲ್ಲಿ ಬೆಳಕು 300 ಮೀಟರ್ ಹೋಗುತ್ತದೆ, ಹಾಗಾಗಿ ಇದನ್ನು ಸರಿಪಡಿಸದೆ ಬಿಡುವಂತಿಲ್ಲ. ನಮ್ಮ ನಾವಿಕ್ ಉಪಗ್ರಹಗಳಿಗೂ ಇಂಥದೇ ತಿದ್ದುಪಡಿ ಬೇಕು. ಅವುಗಳ ಸಮಯ ನೋಡಿಕೊಳ್ಳುವ ಇಸ್ರೋ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ.

ದಿನನಿತ್ಯದ ಜೀವನದಲ್ಲಿ ನಮಗೆ ಇದು ಗೊತ್ತಾಗದಿರುವುದು ಸಂಖ್ಯೆಗಳು ಅಷ್ಟು ಚಿಕ್ಕವು ಅನ್ನೋ ಕಾರಣಕ್ಕೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಇಡೀ ವರ್ಷ ನಿಲ್ಲದೆ ಬಸ್ಸು ಓಡಿಸಿದರೂ ಚಾಲಕರ ಗಡಿಯಾರ ಹಿಂದೆ ಬೀಳುವುದು ಸೆಕೆಂಡಿನ ಕೋಟಿಯ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಾಗಿದ್ದರೂ 2010ರಲ್ಲಿ ಅಮೆರಿಕದ ಕೊಲರಾಡೊದ ಪ್ರಯೋಗಾಲಯದಲ್ಲಿ ಅಲ್ಯುಮಿನಿಯಂ ಅಯಾನಿನ ಗಡಿಯಾರಗಳಿಂದ ಸೆಕೆಂಡಿಗೆ 10 ಮೀಟರಿಗಿಂತ ಕಡಿಮೆ ವೇಗದಲ್ಲೂ ಈ ಪರಿಣಾಮವನ್ನು ಅಳೆದರು. ಅದು ಸೈಕಲ್ಲಿನ ವೇಗ.

ಇನ್ನೊಂದು ಮಾತನ್ನು ನಿಮ್ಮ ಮಗಳಿಗೆ ಹೇಳಿ. ಗಂಗಾ 26ರಲ್ಲಿ ವಾಪಸ್ ಬಂದಳು ಅಂದರೆ ಅವಳಿಗೆ ನಾಲ್ಕು ವರ್ಷ ಲಾಭವಾಯಿತು ಎಂದು ಅರ್ಥವಲ್ಲ. ಅವಳು ಆರು ವರ್ಷದ ಊಟ ಮಾಡಿದಳು, ಆರು ವರ್ಷ ಓದುವಷ್ಟು ಓದಿದಳು, ಹೃದಯ ಆರು ವರ್ಷದ ಬಡಿತ ಬಡಿಯಿತು. ನೌಕೆಯಲ್ಲಿ ಒಂದು ಕ್ಷಣವೂ ಅವಳಿಗೆ ಕಾಲ ನಿಧಾನ ಅನ್ನಿಸಲಿಲ್ಲ. ಉಮಾ ಹತ್ತು ವರ್ಷ ಬದುಕಿದಳು, ಗಂಗಾ ಆರು.

ಇದನ್ನು ಓದುವುದಕ್ಕಿಂತ ಕೈಯಾರೆ ಮಾಡಿದರೆ ಬೇಗ ಒಳಗೆ ಇಳಿಯುತ್ತದೆ. ಮಗಳಿಗೆ ಒಂದು ಗ್ರಾಫ್ ಹಾಳೆ ಕೊಡಿ. ಅಡ್ಡಕ್ಕೆ ದೂರ, ಮೇಲಕ್ಕೆ ಕಾಲ, ಒಂದು ಚೌಕಕ್ಕೆ ಒಂದು ವರ್ಷ, ಒಂದು ಜ್ಯೋತಿರ್ವರ್ಷ. ಬೆಳಕು ಯಾವಾಗಲೂ 45 ಡಿಗ್ರಿಯ ಗೆರೆ. ಈ ಸಲ ಗಂಗಾ ಶೇಕಡ 60ರ ವೇಗದಲ್ಲಿ 3 ಜ್ಯೋತಿರ್ವರ್ಷ ಹೋಗಿ ಬರಲಿ. ಉಮಾ ನೇರ ಮೇಲಕ್ಕೆ ಹೋಗುವ ಗೆರೆ, ಗಂಗಾ ಬಾಗಿ ಹೋಗಿ ವಾಪಸ್ ಬರುವ ಗೆರೆ. ಗಂಗಾಳ ಒಂದೊಂದು ಗೆರೆಯನ್ನೂ ನಾಲ್ಕು ಸಮಭಾಗ ಮಾಡಬೇಕು, ಯಾಕೆಂದರೆ 25ರಲ್ಲಿ 9 ಕಳೆದರೆ 16. ಪ್ರತಿ ಹುಟ್ಟುಹಬ್ಬದಿಂದ ಓರೆ ಗೆರೆ ಎಳೆದು, ಎದುರಿನವರ ಗೆರೆಗೆ ಎಲ್ಲಿ ಮುಟ್ಟುತ್ತದೆ ಎಂದು ಎಣಿಸಲಿ. ಗಂಗಾಳಿಗೆ ಹೋಗುವಾಗ 2, ಬರುವಾಗ 8 ಸಂದೇಶ ಸಿಗಬೇಕು. ಉಮಾಳಿಗೆ ಮೊದಲ 8 ವರ್ಷದಲ್ಲಿ 4, ಕೊನೆಯ 2 ವರ್ಷದಲ್ಲಿ ಇನ್ನು 4.